ಹಳೆಯ ಪಿಕಪ್ಪು, ಹಳ್ಳದ ನೀರು



ಮಲೆನಾಡಿನ ತೋಟಗಳಿಂದ ಅಡಿಕೆಯನ್ನೂ ತೋಟಗಳಿಗೆ ಗೊಬ್ಬರವನ್ನೂ ಹೊರುವ ಹಳೆಯ ಡೀಸೆಲ್ ಪಿಕಪ್ಪನ್ನು ಊರಿನ ಮೆಕ್ಯಾನಿಕ್ಕನೇ ಬಿಚ್ಚಿ ಜೋಡಿಸಬಲ್ಲ. ದುರಸ್ತಿಯಾಗುವ ವಸ್ತುವನ್ನು ಎಸೆಯದಿರುವುದೂ ಪರಿಸರಧರ್ಮವೇ. ಹೊಸ ಗಾಡಿಯ ಉಕ್ಕಿಗೂ ಎಲ್ಲೋ ಒಂದು ಗುಡ್ಡ ಕರಗಿರುತ್ತದೆ.

ಆದರೆ ಆ ಧರ್ಮಕ್ಕೆ ಕಟ್ಟುಪಾಡುಗಳಿವೆ. ಹಳೆಯ ಎಂಜಿನ್ನಿನ ಹೊಗೆ ಹೊಸದರಷ್ಟು ಶುದ್ಧವಾಗದು, ನಿಜ. ಆದರೂ ದಟ್ಟ ಕಪ್ಪು ಹೊಗೆಗೆ ಬಹುಮಟ್ಟಿಗೆ ಕಾರಣ ಧೂಳು ಕಟ್ಟಿದ ಏರ್ ಫಿಲ್ಟರ್, ಸವೆದ ಇಂಜೆಕ್ಟರ್, ಮಿತಿಮೀರಿದ ಹೇರು. ಮೂರೂ ಮಾಲೀಕನ ಕೈಯಲ್ಲೇ ಇವೆ.

ಇದಕ್ಕಿಂತ ಹತ್ತಿರದ ಅಪಾಯ ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ. ಹಳ್ಳದ ದಂಡೆಗೆ ಚೆಲ್ಲಿದರೆ ಅದು ನೀರಿನ ಮೇಲೆ ಪೊರೆ ಕಟ್ಟಿ ಜಲಚರಗಳ ಉಸಿರು ಕಟ್ಟಿಸುತ್ತದೆ. ಅದರ ಲೋಹಾಂಶ ಕೆಸರಿನಲ್ಲಿ ಉಳಿಯುತ್ತದೆ. ಕೆಳಗಿನ ಮನೆಗಳು ಕುಡಿಯುವುದು ಅದೇ ನೀರನ್ನು. ಆದ್ದರಿಂದ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದಿಟ್ಟು, ಪರವಾನಗಿಯುಳ್ಳ ಸಂಗ್ರಾಹಕರಿಗೇ ಒಪ್ಪಿಸೋಣ.