ಟೊಳ್ಳು ಮೂಳೆಗೆ ಜೆಲ್ ಮದ್ದು



ಪಾಂಡವಪುರಕ್ಕೆ ಬಂದು ನಾಲ್ಕು ಮಾತಾಡು ಎಂದು ಮೇಷ್ಟ್ರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ವಿಷಯ ಹೇಳುತ್ತೇನೆಂದು ಅಂದುಕೊಂಡಿರಬೇಕು. ನಾನು ಮೂಳೆಯ ವಿಷಯ ಹೇಳುತ್ತೇನೆ. ಕಾರಣ ನಮ್ಮಜ್ಜಿ.

ನಾಗಮಂಗಲದ ಕಡೆಯ ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ಕಟ್ಟು ಕಟ್ಟಿಸಿ ಸುಮ್ಮನಾದೆವು. ಎರಡು ವರ್ಷದ ಮೇಲೆ ಹಟ್ಟಿ ಮುಂದೆ ಎಡವಿದರು. ಸೊಂಟದ ಹತ್ತಿರ ತೊಡೆಮೂಳೆಯೇ ಮುರಿಯಿತು. ಆಪರೇಷನ್ ಆಯಿತು. ಅಜ್ಜಿ ಮತ್ತೆ ಹೊಲದ ಕಡೆ ಹೋಗಲಿಲ್ಲ. ಮೊದಲ ಸಲವೇ ಮೂಳೆಯ ಸಾಂದ್ರತೆ ನೋಡಿಸಬೇಕಿತ್ತು ಎಂದರು ಡಾಕ್ಟರು. ಬಿಇ ಓದಿದ ನನಗೂ ಅಂಥ ಪರೀಕ್ಷೆ ಇರುವುದು ಗೊತ್ತಿರಲಿಲ್ಲ.

ಮಂಡಿನೋವಿಗೆ ನಾವು ‘ಮೂಳೆ ಸವೆದಿದೆ’ ಅನ್ನುತ್ತೇವಲ್ಲ, ಅದು ಕೀಲಿನ ಕಾಯಿಲೆ. ಆಸ್ಟಿಯೊಪೊರೋಸಿಸ್ ಬೇರೆ. ಮೂಳೆಯೊಳಗೆ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಬದುಕಿನುದ್ದಕ್ಕೂ ದುಡಿಯುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿದು, ಕರಗಿಸುವ ಕೋಶಗಳ ಕೈ ಮೇಲಾಗುತ್ತದೆ. ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ಮುರಿಯುವವರೆಗೂ ಸುದ್ದಿಯಿಲ್ಲ. ಮುದ್ದೆ ಉಣ್ಣುವವರಿಗೆ ಇದೆಲ್ಲ ಬರುವುದಿಲ್ಲ ಎಂಬ ಧೈರ್ಯ ನಮಗಿತ್ತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ನಿಜ. ಅಜ್ಜಿಯೂ ಮುದ್ದೆ ಉಂಡವರೇ.

ಈಗ ಕೊಡುವ ಮದ್ದುಗಳಲ್ಲಿ ಜೊಲೆಡ್ರೋನಿಕ್ ಆಸಿಡ್ ಒಂದು, ವರ್ಷಕ್ಕೊಮ್ಮೆ ಡ್ರಿಪ್. ಕರಗಿಸುವ ಕೋಶಗಳನ್ನು ಅದು ತಡೆಯುತ್ತದೆ. ಆದರೆ ಮೈಗೆಲ್ಲ ಹರಡುವ ಮದ್ದು, ಗುಣ ಕಾಣುವುದು ನಿಧಾನ. ಮುರಿಯುವ ಅಪಾಯವಿರುವ ಜಾಗಕ್ಕೇ ನೇರವಾಗಿ ಬಲ ಕೊಡಬಹುದೇ ಎಂದು ಹುಡುಕಿದವರು ಹೈಡ್ರೊಜೆಲ್ ಕಡೆ ತಿರುಗಿದ್ದಾರೆ.

ಮಕ್ಕಳೇ, ಕಾಮಕಸ್ತೂರಿ ಬೀಜ ನೆನೆಹಾಕಿದರೆ ಸುತ್ತ ಲೋಳೆ ಕಟ್ಟುತ್ತದಲ್ಲ, ಅದೇ ಹೈಡ್ರೊಜೆಲ್. ಬಲೆಯಂತೆ ಹೆಣೆದ ಉದ್ದುದ್ದ ಅಣುಗಳು ನೀರನ್ನು ಹಿಡಿದಿಡುತ್ತವೆ. 1961ರಲ್ಲಿ ಚೆಕೊಸ್ಲೊವಾಕಿಯಾದ ಓಟೊ ವಿಖ್ಟರ್ಲೆ, ಮಕ್ಕಳ ಆಟದ ಸಾಮಾನು ಜೋಡಿಸಿ ಯಂತ್ರ ಮಾಡಿಕೊಂಡು, ಮನೆಯಲ್ಲೇ ಇಂಥ ಜೆಲ್‌ನಿಂದ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡಿದರು. ಈಗ ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್‌ನಲ್ಲಿ ಡೊಮಿನಿಕ್ ಪಿಯೊಲೆಟ್ಟಿಯವರ ತಂಡ, ನಮ್ಮ ಕೀಲುಗಳಲ್ಲೇ ಇರುವ ಹಯಲುರೋನಿಕ್ ಆಸಿಡ್‌ನ ಜೆಲ್‌ಗೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಅತಿಸಣ್ಣ ಕಣಗಳನ್ನು ಸೇರಿಸಿದೆ. ಇಲಿಗಳ ಮೂಳೆಗೆ ಇದನ್ನು ಚುಚ್ಚಿದಾಗ ಆ ಜಾಗದ ಸಾಂದ್ರತೆ ಎರಡು-ಮೂರು ಪಟ್ಟಾಯಿತು. ಜೊಲೆಡ್ರೋನಿಕ್ ಆಸಿಡ್ ಜೊತೆ ಸೇರಿದಾಗ ಇನ್ನೂ ಹೆಚ್ಚಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೌಶಿಕ್ ಚಟರ್ಜಿಯವರ ಪ್ರಯೋಗಾಲಯ ಮೂಳೆ ಬೆಳೆಸುವ ವಸ್ತುಗಳ ಮೇಲೆ ಕೆಲಸ ಮಾಡಿದೆ.

ಇಲಿಯಲ್ಲಿ ಆದದ್ದು ಅಜ್ಜಿಗೂ ಆಗಬೇಕೆಂದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಓಡಿದ ಪ್ರೋಗ್ರಾಂ ಗಿರಾಕಿಯ ಹತ್ತಿರ ನಿಂತುಹೋಗುವುದನ್ನು ದಿನಾ ನೋಡುತ್ತೇನೆ.

ಹೋದ ತಿಂಗಳು ಅಮ್ಮನನ್ನು ಮೈಸೂರಿಗೆ ಕರೆದೊಯ್ದು ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಸೂಜಿಯಿಲ್ಲ, ನೋವಿಲ್ಲ, ಮಲಗಿದ್ದರಾಯಿತು. ಕೆ.ಆರ್. ಪೇಟೆಯ ಚಿಕ್ಕಮ್ಮ, ಶ್ರೀರಂಗಪಟ್ಟಣದ ಅತ್ತೆ ಮಾತ್ರ ‘ನಮಗೇನಾಗಿದೆ’ ಎಂದು ಬರಲೇ ಇಲ್ಲ. ಇಬ್ಬರೂ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅದಕ್ಕೇ ಮೈಕಿನಲ್ಲಿ ಹೇಳುತ್ತಿದ್ದೇನೆ.