ವತನದ ಮನೆಯಿಂದ ಓದಿನ ಕೋಣೆಗೆ



ಮನೆತನದ ಹಿರಿಮೆಗೂ ಧರ್ಮದ ಅಧ್ಯಯನಕ್ಕೂ ಏನು ಸಂಬಂಧ? ಈ ವಿಚಾರಸಂಕಿರಣದ ಮುಂದಿರುವ ಪ್ರಶ್ನೆ ಇದು. ಬ್ರಿಟನ್ನಿನಲ್ಲಿ 1999ರ ಕಾಯಿದೆ 92 ಜನರನ್ನು ಉಳಿಸಿ, ಮಿಕ್ಕ ವಂಶಪಾರಂಪರ್ಯದ ಲಾರ್ಡುಗಳನ್ನು ಮೇಲ್ಮನೆಯಿಂದ ಹೊರಗಿಟ್ಟಿತು. ನಮ್ಮ ಬೆಳಗಾವಿ ಭಾಗದಲ್ಲಿ ದೇಸಾಯಿ, ಕುಲಕರ್ಣಿ ವತನಗಳನ್ನು, ಎಂದರೆ ವಂಶಪಾರಂಪರ್ಯದ ಹುದ್ದೆ ಮತ್ತು ಅದಕ್ಕೆ ಸೇರಿದ ಭೂಮಿಯನ್ನು, ಮುಂಬಯಿ ರಾಜ್ಯದ 1950ರ ಕಾಯಿದೆ ರದ್ದುಮಾಡಿತು. ಹುಟ್ಟಿನಿಂದ ಬಂದ ಪದವಿ ಕಾನೂನಿನ ಒಂದು ಪುಟದಲ್ಲಿ ಹೋಗಬಹುದು. ಹೋಗದೆ ಉಳಿಯುವುದು ಯಾವುದು?

ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ, ಸಿರಸಂಗಿಯ ದೇಸಾಯಿ ಮನೆತನಕ್ಕೆ ದತ್ತು ಬಂದ ಲಿಂಗರಾಜರ ಬಾಳಿನಲ್ಲಿ ಇದಕ್ಕೆ ಉತ್ತರವಿದೆ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಮಕ್ಕಳಿರಲಿಲ್ಲ. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ವತನ ರದ್ದಾಗುವ ನಾಲ್ಕು ದಶಕ ಮೊದಲೇ ಒಬ್ಬ ದೇಸಾಯಿ ತಮ್ಮ ವತನಕ್ಕೆ ವಾರಸುದಾರರನ್ನು ಶಾಲೆಯಲ್ಲಿ ಹುಡುಕಿಕೊಂಡಿದ್ದರು. 1933ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ತೆರೆದ ಕಾಲೇಜು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

ಆ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಶಿಕ್ಷಕರು. ಅವರಲ್ಲಿ ಒಬ್ಬರಾದ ಪ್ರೊ. ಎಂ.ಆರ್. ಸಾಖರೆ, ಸಂಸ್ಕೃತದ 'ಲಿಂಗಧಾರಣಚಂದ್ರಿಕೆ'ಯನ್ನು ಇಂಗ್ಲಿಷಿಗೆ ತಂದು, ಲಿಂಗಾಯತ ಧರ್ಮದ ಚರಿತ್ರೆ, ತತ್ತ್ವಗಳ ಮೇಲೆ ವಿಸ್ತಾರವಾಗಿ ಬರೆದರು. ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಬಂದ ಡಾ. ಎಸ್.ಸಿ. ನಂದೀಮಠರ ವೀರಶೈವ ಕೈಪಿಡಿ 1942ರಲ್ಲಿ ಹೊರಬಂತು. ಮನೆಯಲ್ಲಿ ಕಟ್ಟಿಕೊಂಡು ಬಂದ ಲಿಂಗವನ್ನೇ ಇವರಿಬ್ಬರೂ ಅಧ್ಯಯನದ ಮೇಜಿನ ಮೇಲಿಟ್ಟು, ಆಧಾರ ಕೇಳಿ, ಪ್ರಶ್ನೆ ಹಾಕಿ ನೋಡಿದರು. ಇದರಿಂದ ಭಕ್ತಿಗೆ ಊನವಾಗಲಿಲ್ಲ, ತಿಳಿವಳಿಕೆ ಬೆಳೆಯಿತು.

ಈ ಇಬ್ಬರು ತಮ್ಮ ಧರ್ಮವನ್ನು ಓದಿದರು. ಇನ್ನೊಬ್ಬರ ಧರ್ಮವನ್ನೂ ಅಷ್ಟೇ ಅಕ್ಕರೆಯಿಂದ ಓದುವುದು ನಮ್ಮ ಪಾಲಿನ ಕೆಲಸ. ಅದರ ಪಾಠ ಖಾನಾಪುರ ತಾಲೂಕಿನ ಹಲಸಿಯಲ್ಲಿದೆ. ಊರ ಹೊರಗಿನ ಚಕ್ರತೀರ್ಥದ ಬಳಿ ಸಿಕ್ಕಿ, ಶಾಸನತಜ್ಞ ಫ್ಲೀಟ್ ಓದಿ ಪ್ರಕಟಿಸಿದ ಕದಂಬರ ತಾಮ್ರಪಟಗಳನ್ನು ನೆನೆಯಿರಿ. ಅಂಗೈಯಗಲದ ತಗಡುಗಳು, ಪೋಣಿಸಲು ಒಂದು ಬಳೆ. ಅಂಥದೊಂದರಲ್ಲಿ ಕದಂಬ ಅರಸ ಮೃಗೇಶವರ್ಮ, ತಂದೆಯ ನೆನಪಿಗೆ ಪಲಾಶಿಕೆಯಲ್ಲಿ, ಅಂದರೆ ಇಂದಿನ ಹಲಸಿಯಲ್ಲಿ, ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆಂದು 33 ನಿವರ್ತನ ಭೂಮಿ ಬಿಟ್ಟ ಮಾತಿದೆ. ಆತ ವೈದಿಕ ಮನೆತನದವನು. ಹಾಗಿದ್ದೂ ಜೈನರ ಮೂರು ಪಂಗಡಗಳ ಹೆಸರು ಅವನಿಗೆ ಬೇರೆಬೇರೆಯಾಗಿ ಗೊತ್ತಿತ್ತು. ನೆರೆಯವರನ್ನು ಅಷ್ಟು ಸ್ಪಷ್ಟವಾಗಿ ಬಲ್ಲೆವೆಂದು ಇಂದು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಬೆಳಗಾವಿ ಜಿಲ್ಲೆಯ ವಾಡೆಗಳಲ್ಲಿ, ಮಠಗಳಲ್ಲಿ, ಬಸದಿ, ದರ್ಗಾ, ಚರ್ಚುಗಳಲ್ಲಿ ಹಳೆಯ ಕಾಗದಪತ್ರಗಳಿವೆ. ಕೆಲವು ಕನ್ನಡದಲ್ಲಿ, ಕೆಲವು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. ಗೆದ್ದಲು ಯಾರ ಮನೆತನವನ್ನೂ ಕೇಳುವುದಿಲ್ಲ. ಮನೆಯ ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಗಂಟು ಬಿಚ್ಚಿ ವಿದ್ಯಾರ್ಥಿಗಳಿಗೆ ತೋರಿಸಿ. ವಿದ್ಯಾರ್ಥಿಗಳೆ, ನೀವು ಮೋಡಿ ಕಲಿಯಿರಿ, ನಿಮ್ಮದಲ್ಲದ ಒಂದು ಧರ್ಮದ ಒಂದು ಗ್ರಂಥವನ್ನಾದರೂ ಪೂರ್ತಿ ಓದಿ. ಸಿರಸಂಗಿಯ ದೇಸಾಯರು ಬಿಟ್ಟುಹೋದ ಆಸ್ತಿಗೆ ನಿಜವಾದ ವಾರಸುದಾರರು ನೀವೇ.