ಗೋಡೆಯ ನಕಾಶೆ ಮತ್ತು ಪರದೆಯ ನಕಾಶೆ
(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ನಿಮಿತ್ತ ನಮ್ಮ ವರ್ಗಕೋಣೆಗಳಿಗೆ ವಿದ್ಯುನ್ಮಾನ ಪರದೆಗಳು ಬಂದಿವೆ. ಇನ್ನು ಗೋಡೆಯ ಮೇಲಿನ ನಕಾಶೆಗಳನ್ನು ಇಳಿಸಿಬಿಡಬಹುದೇ ಎಂಬ ಪ್ರಶ್ನೆ ಶಿಕ್ಷಕರಲ್ಲಿ ಎದ್ದಿದೆ. ಇದೇ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ಗಂಭೀರವಾಗಿ ಎದುರಿಸಿದವರು ವಿಮಾನಚಾಲಕರು. ಅವರ ಅನುಭವದಿಂದ ನಾವು ಕಲಿಯಬೇಕಾದುದನ್ನು ಕುರಿತು ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ.

ವಿಷಯ ನಮ್ಮಿಂದ ದೂರದ್ದಲ್ಲ. ಸೊಲ್ಲಾಪುರದ ಹೊಟಗಿ ರಸ್ತೆಯ ವಿಮಾನ ನಿಲ್ದಾಣದ ಬಳಿ ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಚಿಮಣಿಯೊಂದು ಸುಮಾರು 90 ಮೀಟರ್ ಎತ್ತರಕ್ಕೆ ನಿಂತಿದ್ದುದನ್ನು ನೀವೆಲ್ಲರೂ ಬಲ್ಲಿರಿ. ವಿಮಾನ ಹಾರಾಟಕ್ಕೆ ಅದು ಅಡ್ಡಿಯೆಂಬ ಕಾರಣಕ್ಕೆ 2023ರ ಜೂನ್ 15ರಂದು ಅದನ್ನು ಕೆಡವಲಾಯಿತು. 2025ರ ಜೂನ್ 9ರಂದು ಗೋವೆಗೆ ವಿಮಾನ ಹಾರಿತು. ಆ ವಾದವಿವಾದಕ್ಕೆ ನಾನು ಹೋಗುವುದಿಲ್ಲ. ಭೂಗೋಲದ ಶಿಕ್ಷಕಿಯಾಗಿ ನನ್ನ ಪ್ರಶ್ನೆ ಇಷ್ಟೇ: ಚಿಮಣಿ ಬಿದ್ದರೂ ಹಳೆಯ ನಕಾಶೆಯಲ್ಲಿ ಅದು ನಿಂತೇ ಇರುತ್ತದೆ, ನಾಳೆ ಹೊಸದೊಂದು ಗೋಪುರ ಎದ್ದರೆ ಆ ನಕಾಶೆಗೆ ಅದರ ಅರಿವೇ ಇರುವುದಿಲ್ಲ. ಹಾಗಾದರೆ ಆಕಾಶದಲ್ಲಿರುವವನು ಯಾವ ನಕಾಶೆಯನ್ನು ನಂಬಬೇಕು?

ಅಮೆರಿಕದ ಅಂಚೆ ವಿಮಾನಗಳ ಚಾಲಕ ಎಲ್ರೆ ಜೆಪ್ಪೆಸನ್ ಎಂಬಾತನಿಗೆ ನಂಬಲು ನಕಾಶೆಯೇ ಇರಲಿಲ್ಲ. ಆತ ಕಿಸೆಯಲ್ಲೊಂದು ಕಪ್ಪು ಟಿಪ್ಪಣಿ ಪುಸ್ತಕ ಇಟ್ಟುಕೊಂಡು ಗುಡ್ಡ, ನೀರಿನ ಗೋಪುರ, ಚಿಮಣಿಗಳನ್ನು ತಾನೇ ಹತ್ತಿ ಎತ್ತರ ಬರೆದುಕೊಂಡ. ಹವೆ ತಿಳಿಸಬಲ್ಲ ರೈತರ ದೂರವಾಣಿ ಸಂಖ್ಯೆಗಳನ್ನೂ ಗುರುತಿಸಿಟ್ಟುಕೊಂಡ. 1934ರಲ್ಲಿ ಆ ಟಿಪ್ಪಣಿಗಳೇ ಮಾರಾಟದ ಪುಸ್ತಕವಾದವು. ಮುಂದೆ 1944ರ ಶಿಕಾಗೊ ಒಪ್ಪಂದದಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹುಟ್ಟಿ, ವೈಮಾನಿಕ ನಕಾಶೆಗಳ ಚಿಹ್ನೆಗಳಿಗೂ ಪ್ರಮಾಣಗಳಿಗೂ ನಿಯಮಗಳನ್ನು ರೂಪಿಸಿತು. ಈಗ ಮುಖ್ಯ ಬದಲಾವಣೆಗಳು 28 ದಿನಗಳ ನಿಶ್ಚಿತ ಆವರ್ತನದಲ್ಲಿ ಜಾರಿಗೆ ಬರುತ್ತವೆ. ಕಾಗದದ ಕಾಲದಲ್ಲಿ ಚಾಲಕರು ಹಳೆಯ ಹಾಳೆ ತೆಗೆದು ಹೊಸ ಹಾಳೆ ಸೇರಿಸುತ್ತ ಕೂಡಬೇಕಾಗಿತ್ತು. ಇಂದು ಆ ಭಾರದ ಚೀಲದ ಜಾಗದಲ್ಲಿ ಒಂದು ಟ್ಯಾಬ್ಲೆಟ್ ಇದೆ.

ಆ ಟ್ಯಾಬ್ಲೆಟ್ಟಿನಲ್ಲಿ ಎರಡು ಬಗೆಯ ನಕಾಶೆಗಳಿರುತ್ತವೆ. ಮೊದಲನೆಯದು ರಾಸ್ಟರ್, ಎಂದರೆ ಮುದ್ರಿತ ಸಾಂಪ್ರದಾಯಿಕ ನಕಾಶೆಯ ಯಥಾವತ್ತಾದ ಚಿತ್ರ. ಎರಡನೆಯದು ವೆಕ್ಟರ್. ಮಕ್ಕಳೇ, ಅಂಗಳದ ರಂಗೋಲಿಯನ್ನು ನೆನೆಯಿರಿ. ರಂಗೋಲಿಯ ಫೋಟೋ ತೆಗೆದಿಟ್ಟರೆ ಅದು ರಾಸ್ಟರ್. ಎಷ್ಟು ಚುಕ್ಕೆ, ಎಷ್ಟು ಸಾಲು, ಯಾವ ಚುಕ್ಕೆಯಿಂದ ಯಾವುದಕ್ಕೆ ಗೆರೆ ಎಂದು ಬರೆದಿಟ್ಟರೆ ಅದು ವೆಕ್ಟರ್. ಫೋಟೋವನ್ನು ಹಿಗ್ಗಿಸಿದರೆ ಮಸುಕಾಗುತ್ತದೆ. ಚುಕ್ಕೆಗಳ ಲೆಕ್ಕದಿಂದ ಬೇಕಾದಷ್ಟು ದೊಡ್ಡ ರಂಗೋಲಿಯನ್ನು ಸ್ವಚ್ಛವಾಗಿ ಬಿಡಿಸಬಹುದು.

ವೆಕ್ಟರ್ ನಕಾಶೆಯ ಗುಣಗಳು ಹಲವು. ವಿಮಾನ ತಿರುಗಿದಂತೆ ನಕಾಶೆ ತಿರುಗಿದರೂ ಅಕ್ಷರಗಳು ನೆಟ್ಟಗೇ ಇರುತ್ತವೆ. ಗೋಪುರವೊಂದನ್ನು ಮುಟ್ಟಿದರೆ ಅದರ ಎತ್ತರ ತಿಳಿಯುವಂತೆ ಮಾಡಬಹುದು. ಬಿದ್ದ ಚಿಮಣಿಯನ್ನು ಅಳಿಸಲು ಇಡೀ ಹಾಳೆಯನ್ನು ಮತ್ತೆ ಮುದ್ರಿಸಬೇಕಿಲ್ಲ. ಬೇಡವಾದ ಪದರವನ್ನು ಮರೆಮಾಡಲೂಬಹುದು.

ಆದರೆ ಅಪಾಯವಿರುವುದೂ ಈ ಮರೆಮಾಡುವಿಕೆಯಲ್ಲಿಯೇ. ನಕಾಶೆಯನ್ನು ಕುಗ್ಗಿಸಿದಾಗ ಯಾವುದು ಉಳಿಯಬೇಕು, ಯಾವುದು ಅಡಗಬೇಕು ಎಂಬುದನ್ನು ಯಂತ್ರ ತನಗೆ ಕೊಟ್ಟ ನಿಯಮದಂತೆ ನಿರ್ಧರಿಸುತ್ತದೆ. ಕಡಲಿನಲ್ಲಿ ಇದರ ಬೆಲೆ ತೆತ್ತವರಿದ್ದಾರೆ. 2014ರ ನವೆಂಬರ್ 29ರಂದು ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸಿನ ಈಶಾನ್ಯಕ್ಕೆ, 'ವೆಸ್ಟಾಸ್ ವಿಂಡ್' ಎಂಬ ಪಂದ್ಯದ ಹಾಯಿದೋಣಿ ಹವಳದ ದಿಬ್ಬಕ್ಕೆ ಅಪ್ಪಳಿಸಿತು. ವಿದ್ಯುನ್ಮಾನ ನಕಾಶೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿದ್ದರೆ ದಿಬ್ಬ ಕಾಣುತ್ತಿತ್ತು. ಕುಗ್ಗಿಸಿದ ನಕಾಶೆಯಲ್ಲಿ ಅದು ಸ್ಪಷ್ಟವಾಗಿರಲಿಲ್ಲ. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಮಾಹಿತಿ ನಕಾಶೆಯೊಳಗೇ ಇತ್ತು, ಕೇಳಿದವರಿರಲಿಲ್ಲ.

ಸಾಂಪ್ರದಾಯಿಕ ನಕಾಶೆಯ ಹಿಂದೆ ಒಬ್ಬ ನಕಾಶೆಗಾರನ ವಿವೇಕವಿರುತ್ತದೆ. ಯಾವ ಗುಡ್ಡ ಎದ್ದು ಕಾಣಬೇಕು, ಯಾವ ಊರಿನ ಹೆಸರು ಬಿಟ್ಟರೂ ನಡೆದೀತು ಎಂದು ಆತ ತೂಗಿನೋಡಿರುತ್ತಾನೆ. ಆ ಹಾಳೆ ನಾವು ಕೇಳದಿದ್ದುದನ್ನೂ ಕಣ್ಣಮುಂದಿಡುತ್ತದೆ. ವೆಕ್ಟರ್ ನಕಾಶೆ ಕೇಳಿದ್ದನ್ನು ಕೊಡುತ್ತದೆ. ಆದ್ದರಿಂದ ಏನು ಕೇಳಬೇಕೆಂಬ ಅರಿವು ಓದುವವನಲ್ಲಿ ಮೊದಲೇ ಇರಬೇಕು.

ಗಡಿನಾಡಿನ ಕನ್ನಡ ಶಾಲೆಯವರಾದ ನಮಗೆ ಇದರಲ್ಲೊಂದು ಹೆಚ್ಚಿನ ಅರ್ಥವಿದೆ. ಪರದೆಯ ಭೂಪಟವನ್ನು ಕುಗ್ಗಿಸುತ್ತ ಹೋದರೆ ಮೊದಲು ಮಾಯವಾಗುವುದು ಮರವಡೆಯಂತಹ ಹಳ್ಳಿಗಳ ಹೆಸರು, ಆಮೇಲೆ ಅಕ್ಕಲಕೋಟೆ, ಕೊನೆಗೆ ಸೊಲ್ಲಾಪುರ. ಆದರೆ ವೆಕ್ಟರ್ ನಕಾಶೆಯಲ್ಲಿ ಹೆಸರೆಂಬುದು ಪ್ರತ್ಯೇಕ ಮಾಹಿತಿ. ವಿಮಾನಚಾಲಕನಿಗೆ 'ವಿಎಎಸ್‌ಎಲ್' ಎಂಬ ಸಂಕೇತವಾಗಿರುವ ಊರು ಮರಾಠಿಯಲ್ಲಿ ಸೋಲಾಪುರವಾಗಿ, ಕನ್ನಡದಲ್ಲಿ ಸೊಲ್ಲಾಪುರವಾಗಿ, ಇತಿಹಾಸದ ಪದರದಲ್ಲಿ ಸಿದ್ಧರಾಮೇಶ್ವರರ ಸೊನ್ನಲಿಗೆಯಾಗಿ ಒಂದೇ ಬಿಂದುವಿನ ಮೇಲೆ ನಿಲ್ಲಬಲ್ಲದು. ಒಂದು ಹೆಸರು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಆದರೆ ಆ ಹೆಸರನ್ನು ಬರೆದು ಸೇರಿಸುವವರು ಬೇಕು. ಆ ಕೆಲಸ ಇಲ್ಲಿ ಕುಳಿತ ಮಕ್ಕಳದು.

ಆದಕಾರಣ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪರದೆಗಳು ಬರಲಿ, ಗೋಡೆಯ ನಕಾಶೆಗಳು ಇಳಿಯದಿರಲಿ. ಐದನೆಯ ಇಯತ್ತೆಯ ಮಗು ಮೊದಲು ಗೋಡೆಯ ಮುಂದೆ ನಿಂತು ದಿಕ್ಕು, ಪ್ರಮಾಣ, ಚಿಹ್ನೆಗಳನ್ನು ಕಲಿಯಲಿ. ತನ್ನ ಊರಿನ ಬಾವಿ, ಗುಡಿ, ನೀರಿನ ಟಾಕಿಗಳನ್ನು ಕೈಯಿಂದ ಬರೆಯಲಿ. ಬಳಿಕ ಪರದೆಯನ್ನು ಮುಟ್ಟಲಿ. ಇಡೀ ಹಾಳೆಯನ್ನು ಕಂಡ ಕಣ್ಣಿಗೆ ಮಾತ್ರ ಪರದೆ ಮರೆಮಾಡಿದ್ದು ಯಾವುದೆಂದು ಹೊಳೆಯುತ್ತದೆ. ಈ ಶಾಲೆಯಿಂದ ಮುಂದೊಂದು ದಿನ ವಿಮಾನಚಾಲಕಿಯೊಬ್ಬಳು ಹೊರಟರೆ, ಅವಳು ಎರಡೂ ನಕಾಶೆಗಳನ್ನು ಓದಬಲ್ಲವಳಾಗಿರಲಿ ಎಂದು ಹಾರೈಸುತ್ತೇನೆ.